ಬಾಲದ ಮೇಲಿನ ಮೂರು ಗ್ರಾಂ

ಬೆಳಗಿನ ಐದು ಇಪ್ಪತ್ತು. ಚನ್ನರಾಯನದುರ್ಗದ ಬೆಟ್ಟಕ್ಕೆ ಇನ್ನೂ ಬೆಳಕು ತಾಗಿಲ್ಲ. ಅದರ ಬುಡದಲ್ಲಿರುವ ಹಳೆಯ ರೇಷ್ಮೆಹುಳು ಮನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಂತು ಕ್ಯಾತಮ್ಮ ಕಾಗದದ ಲೋಟವೊಂದನ್ನು ಕೆನ್ನೆಗೆ ಒತ್ತಿಕೊಂಡಿದ್ದಾರೆ. ನೋಡಿದವರು ಪಾಪ, ಹಲ್ಲುನೋವೇನೋ ಅಂದುಕೊಳ್ಳಬೇಕು. ಲೋಟದಲ್ಲಿರುವುದು ರೆಸಿನ್. ಜೇನಿನ ಬಣ್ಣದ ಈ ಅಂಟಿಗೆ ಸಣ್ಣ ಬಾಟಲಿಯ ಹಾರ್ಡನರ್ ಬೆರೆಸಿದ ಗಳಿಗೆಯಿಂದ ಅದು ಒಳಗೊಳಗೇ ಬಿಸಿಯಾಗುತ್ತಾ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ನಲವತ್ತು ನಿಮಿಷ ತಡೆಯುತ್ತದೆ, ಈ ಏಪ್ರಿಲ್ಲಿನಲ್ಲಿ ಹದಿನೆಂಟೇ ನಿಮಿಷ. ಬಿಸಿಲೇರಿ ಮೇಲಿನ ಶೀಟು ಕಾದರಂತೂ ಲೋಟದಲ್ಲೇ ಹೊಗೆಯೆದ್ದು ಕಲ್ಲಾಗುತ್ತದೆ. ಅದಕ್ಕೇ ಈ ಕೆಲಸ ನಸುಕಿನಲ್ಲಿ.

“ಗಡಿಯಾರ ನೋಡ್ಕಂಡು ಕುಂತ್ರೆ ಕೆಲ್ಸ ನೋಡಾರ್ಯಾರು? ಕೆನ್ನೆಗೆ ಬೆಚ್ಚಗೆ ತಾಕ್ತು ಅಂದ್ರೆ ಮುಗೀತು, ಲೋಟ ಎತ್ತಿ ಆಚೆಗೆ ಇಕ್ಕಬೇಕು. ಆಮೇಲೆ ಒಂದು ಹನಿ ಹಾಕಿದ್ರೂ ಗಂಟು ಗಂಟಾಯ್ತದೆ” ಎನ್ನುತ್ತಾರೆ ಕ್ಯಾತಮ್ಮ. ಕೆನ್ನೆಯೇ ಯಾಕೆ, ಕೈಯಲ್ಲಿ ಗೊತ್ತಾಗುವುದಿಲ್ಲವೇ ಎಂದು ಕೇಳಿದರೆ ಲೋಟವನ್ನು ಇನ್ನೊಂದು ಕೆನ್ನೆಗೆ ಬದಲಿಸುತ್ತಾರೆ. ಎರಡೂ ಕೈಗೆ ನೀಲಿ ಗ್ಲೌಸು ಹಾಕಿಕೊಂಡಿದ್ದಾರೆ, ಮಣಿಕಟ್ಟಿನ ಹತ್ತಿರ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ.

ಮೇಜಿನ ಮೇಲೆ ಒಂದೂವರೆ ಮೊಳದ ವಿಮಾನದ ಬಾಲ ಮಲಗಿದೆ. ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನದ್ದು, ಬಾಲ್ಸಾ ಮರದಲ್ಲಿ ಮಾಡಿದ್ದು. ಬಾಲ್ಸಾ ಅಂದರೆ ಉಗುರು ತಾಗಿದರೆ ಗುಳಿ ಬೀಳುವಷ್ಟು ಮೆತ್ತಗಿನ, ಹಗುರದ ಮರ. ಎಂಜಿನ್ನಿನ ಎಣ್ಣೆಗೆ, ಬಿಸಿಲಿಗೆ, ಇಳಿಯುವಾಗ ತಾಗುವ ಕಲ್ಲಿಗೆ ಅದು ತಡೆಯಬೇಕೆಂದರೆ ಮೇಲೊಂದು ತೊಗಲು ಬೇಕು. ಆ ತೊಗಲು ಹೊದಿಸುವುದೇ ಕ್ಯಾತಮ್ಮನವರ ಕಸುಬು. ಗಾಜಿನ ಎಳೆಯಲ್ಲಿ ನೇಯ್ದ ಫೈಬರ್ ಬಟ್ಟೆ ಹಾಸಿ, ಅದರ ಮೇಲೆ ರೆಸಿನ್ ಕುಡಿಸಬೇಕು. ಬಟ್ಟೆ ಎಷ್ಟು ತೆಳುವೆಂದರೆ ಅದರೊಳಗಿಂದ ಮರದ ನಾರು ಎಣಿಸಬಹುದು. ಜೋರಾಗಿ ಉಸಿರು ಬಿಟ್ಟರೆ ಮಡಚಿಕೊಂಡುಬಿಡುತ್ತದೆ. ಅದಕ್ಕೇ ಸೆರಗನ್ನು ಬಾಯಿಗೆ ಕಟ್ಟಿ, ಫ್ಯಾನ್ ಆರಿಸಿ, ಮಾತನ್ನೂ ನಿಲ್ಲಿಸಿದ್ದಾರೆ.

ಮೊದಲು ಮೆತ್ತನೆಯ ಕುಂಚದಿಂದ ಒಣಬಟ್ಟೆಯನ್ನು ಸವರುತ್ತಾರೆ, ನಡುವಿನಿಂದ ಅಂಚಿಗೆ, ಮತ್ತೆ ನಡುವಿನಿಂದ ಅಂಚಿಗೆ. ಸುಕ್ಕು ಹೋದ ಮೇಲೆ ರೆಸಿನ್ನನ್ನು ನೂಲಿನಂತೆ ಸುರಿಯುತ್ತಾರೆ. ಅವಧಿ ಮುಗಿದ ಎಟಿಎಂ ಕಾರ್ಡೊಂದನ್ನು ಓರೆಯಾಗಿ ಹಿಡಿದು ಎಳೆಯುತ್ತಾರೆ. ಕಾರ್ಡು ಹೋದ ದಾರಿಯಲ್ಲಿ ಬಿಳಿಯ ಬಟ್ಟೆ ಮಾಯವಾಗಿ ಮರ ಒದ್ದೆಯಾದ ಹಾಗೆ ಕಾಣುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಹೊಳಪು ಕಂಡರೆ ರೆಸಿನ್ ಹೆಚ್ಚಾಗಿದೆ ಎಂದರ್ಥ. ಹೊಳಪು ಕಾಣದ ಕಡೆಯೂ ಹೆಚ್ಚಾಗಿರಬಹುದು. ಅದು ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿನ ತುದಿಗೆ ಮಾತ್ರ ಗೊತ್ತಾಗುತ್ತದೆ. ಕ್ಯಾತಮ್ಮ ನೀಲಿ ಗ್ಲೌಸಿನ ಬೆರಳಿಟ್ಟು ಸವರುತ್ತಾರೆ. ಮುಖ ಕಿವಿಚಿಕೊಳ್ಳುತ್ತಾರೆ. ಇನ್ನೊಮ್ಮೆ ಸವರುತ್ತಾರೆ.

“ಏನೂ ತಿಳೀತಿಲ್ಲ. ಕಂಬ್ಳಿ ಹೊದ್ದು ಕೆರ್ಕಂಡಂಗೆ.”

ಐವತ್ಮೂರರ ಈ ಹೆಣ್ಣುಮಗಳು ಹದಿಮೂರು ವರ್ಷದಲ್ಲಿ ಇನ್ನೂರ ಹದಿನೇಳು ವಿಮಾನಕ್ಕೆ ತೊಗಲು ಹೊದಿಸಿದ್ದಾರೆ. ಇದು ಇನ್ನೂರ ಹದಿನೆಂಟನೆಯದು, ಮತ್ತು ಕೊನೆಯದು. ಇದಾದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಆಟದ ವಿಮಾನವಂತೆ, ಅದರ ಮೇಲೆ ಅಂಟು ಬಳಿಯುವುದಂತೆ, ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೇನೂ ಕಡಮೆಯಿಲ್ಲ. ಅಂಥವರು ಒಂದು ಬೆಳಿಗ್ಗೆ ಇಲ್ಲಿ ಬಂದು ನಿಲ್ಲಬೇಕು. ಎರಡು ಮೀಟರ್ ರೆಕ್ಕೆಯ ಈ ವಿಮಾನ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಹಾರುತ್ತದೆ. ನೆತ್ತಿಯ ಮೇಲೆ ಬಿದ್ದರೆ ಆಟ ಯಾವುದು ಅನ್ನುವುದು ತಿಳಿಯುತ್ತದೆ.

ಎಲ್ಲವೂ ತೂಕದ ಮೇಲೆ ನಿಂತಿದೆ. ಬರಿಮರದ ಬಾಲ ನೂರ ಹನ್ನೆರಡು ಗ್ರಾಂ. ಬಟ್ಟೆ, ರೆಸಿನ್ ಎಲ್ಲ ಸೇರಿ ಅದಕ್ಕೆ ಹದಿನಾಲ್ಕು ಗ್ರಾಂ ಮಾತ್ರ ಕೂಡಬೇಕು. ಒಟ್ಟು ನೂರ ಇಪ್ಪತ್ತಾರು. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಸರಿತೂಗಿಸಲು ಮೂತಿಗೆ ಮೂರು ಗ್ರಾಂ ಸೀಸ ಕಟ್ಟಬೇಕು. ಹಾಗೆ ಹಿಂದೊಂದಿಷ್ಟು ಮುಂದೊಂದಿಷ್ಟು ಸೇರಿಸುತ್ತಾ ಹೋದರೆ ಕಡೆಗೆ ಹಾರುವುದು ವಿಮಾನವಲ್ಲ, ಒನಕೆ.

ಮೇಜಿನ ಹಿಂದಿನ ಗೋಡೆಯ ಮೇಲೆ ಇನ್ನೊಂದು ಬಾಲ ನೇತುಬಿದ್ದಿದೆ. ಇದರಷ್ಟೇ ಉದ್ದ, ಇದೇ ಆಕಾರ. ರೆಸಿನ್ ಹಳದಿಗಟ್ಟಿದೆ, ಅದು ಬಿಟ್ಟರೆ ಒಂದು ಗೀರೂ ಇಲ್ಲ. ಕ್ಯಾತಮ್ಮ ಕೆಲಸ ಮಾಡುವಾಗ ಅದಕ್ಕೆ ಬೆನ್ನು ಹಾಕಿಯೇ ನಿಲ್ಲುತ್ತಾರೆ.

ಕ್ಯಾತಮ್ಮನವರ ತವರು ಸಿರಾ ಕಡೆಯ ಹಳ್ಳಿ. ಕುರಿ ಸಾಕುವವರ ಮನೆ. ತಂದೆ ಕಂಬಳಿ ನೇಯುತ್ತಿದ್ದರು. ಮಗ್ಗಕ್ಕೆ ಹಾಸಿದ ಉಣ್ಣೆಯ ಎಳೆ ಗಟ್ಟಿಯಾಗಲೆಂದು ಅದಕ್ಕೆ ಹುಣಸೆಬೀಜದ ಸರಿ ಬಳಿಯಬೇಕು. ಬೀಜ ಹುರಿದು, ನೆನೆಹಾಕಿ, ರುಬ್ಬಿ, ಕಾಯಿಸಿ ಅಂಬಲಿಯ ಹಾಗೆ ಮಾಡಿಕೊಂಡ ಅಂಟು ಅದು. ದೊಡ್ಡ ಕುಂಚ ಹಿಡಿದು ಎಳೆಯ ಉದ್ದಕ್ಕೂ ಬಳಿಯುವ ಕೆಲಸ ಮನೆಯ ಹೆಂಗಸರದು. ಏಳು ವರ್ಷದಿಂದಲೇ ಕ್ಯಾತಮ್ಮ ಅಮ್ಮನ ಪಕ್ಕ ನಿಂತು ಕುಂಚ ಹಿಡಿದವರು. ಸರಿ ಹೆಚ್ಚು ಕುಡಿದ ಕಂಬಳಿ ಮಳೆ ನೀರು ಒಳಗೆ ಬಿಡುವುದಿಲ್ಲ ಎಂಬ ಹೆಸರಿತ್ತು ಅವರ ಮನೆಯ ಕಂಬಳಿಗೆ.

“ನಮ್ಮವ್ವ ಸರಿ ಬಳಿಯಾದ್ರಾಗೆ ಕೈ ಹಿಡಿತಿರ್ಲಿಲ್ಲ. ಕುಡೀಲಿ ಬುಡು, ಕುಡಿದಷ್ಟೂ ಬಾಳ್ತದೆ ಅನ್ನಾಳು. ಕಂಬ್ಳಿ ನೆಲಕ್ಕೆ ನಿಲ್ಸಿದ್ರೆ ತಾನೇ ನಿಂತ್ಕಳ್ಳದು.”

ಮದುವೆಯಾಗಿ ಚನ್ನರಾಯನದುರ್ಗಕ್ಕೆ ಬಂದರು. ಗಂಡ ಅಂಜನಪ್ಪನಿಗೆ ಇಪ್ಪತ್ತು ಕುರಿ, ಊರಿನ ಎಲ್ಲರ ಮೇಲೂ ಒಂದೊಂದು ತಕರಾರು. ತವರಿನ ಮಗ್ಗ ಅಟ್ಟ ಸೇರಿತು. ಕ್ಯಾತಮ್ಮ ಈ ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕುವ ಕೂಲಿಗೆ ಸೇರಿದರು. ಹುಳುವಿಗೆ ರೋಗ ಬಿದ್ದು ಅದೂ ನಿಂತಿತು. ಖಾಲಿ ಬಿದ್ದ ಮನೆಯನ್ನು ಊರಿನವರೇ ಆದ ಗಂಗಹನುಮಯ್ಯ ಹಿಡಿದುಕೊಂಡರು. ವಾಯುಪಡೆಯಲ್ಲಿ ವಿಮಾನದ ಮೈ ರಿಪೇರಿ ಮಾಡುತ್ತಿದ್ದವರು, ನಿವೃತ್ತರಾಗಿ ಬಂದು ಮಾದರಿ ವಿಮಾನ ಕಟ್ಟತೊಡಗಿದರು. ಊರಿನ ಬಾಯಲ್ಲಿ ಅವರು ಮಿಲ್ಟ್ರಿ ಗಂಗಹನುಮಯ್ಯ, ಕ್ಯಾತಮ್ಮನಿಗೆ ಅಣ್ಣಯ್ಯ. ಹುಳು ಸಾಕುವ ಬಿದಿರಿನ ತಟ್ಟೆಗಳ ಮೇಲೆ ಇವತ್ತಿಗೂ ರೆಕ್ಕೆಗಳು ಒಣಗುತ್ತವೆ.

ಕ್ಯಾತಮ್ಮ ಅಲ್ಲಿಗೆ ಹೋದದ್ದು ಕಸ ಗುಡಿಸಲು. ಗುಡಿಸುತ್ತಾ ಗುಡಿಸುತ್ತಾ ಒಂದು ದಿನ ಪೊರಕೆ ನಿಲ್ಲಿಸಿ, “ಅಂಗಲ್ಲ ಅಣ್ಣಯ್ಯ, ಎಳೆ ಕೊಂಕ್ತದೆ, ಇತ್ಲಾಗೆ ಕೊಡಿ” ಎಂದು ಕುಂಚ ಕಿತ್ತುಕೊಂಡರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದ ಮನುಷ್ಯನ ಕೈಯಿಂದ ಕುಂಚ ಕಿತ್ತುಕೊಳ್ಳುವ ಧೈರ್ಯ ಎಲ್ಲಿಂದ ಬಂತೋ ಎಂದು ಈಗಲೂ ಅವರಿಗೇ ಆಶ್ಚರ್ಯ. ಎಪ್ಪತ್ಮೂರರ ಗಂಗಹನುಮಯ್ಯ ನಗುತ್ತಾರೆ. “ನಾನು ಮೂರು ತಿಂಗಳಿಂದ ಸುಕ್ಕು ತೆಗೆಯೋದಕ್ಕೆ ಒದ್ದಾಡ್ತಿದ್ದೆ. ಈಯಮ್ಮ ಎರಡು ಸಲ ಕೈಯಾಡಿಸಿದಳು, ಬಟ್ಟೆ ಮರಕ್ಕೆ ಹುಟ್ಟಿದ ಹಾಗೆ ಕೂತ್ಕೊಂಡುಬಿಡ್ತು. ಅವತ್ತಿಂದ ಮರ ನಂದು, ತೊಗಲು ಅವಳದು.”

ಇನ್ನು ಗೋಡೆಯ ಮೇಲಿನ ಬಾಲದ ಕಥೆ. ಅದನ್ನು ಹೇಳಲು ಕ್ಯಾತಮ್ಮ ಗ್ಲೌಸು ಬಿಚ್ಚಿ, ಸೋಪಿನಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಹೊಸ್ತಿಲ ಮೇಲೆ ಬಂದು ಕೂರುತ್ತಾರೆ. ಬೆಳಕು ಹರಿದಿದೆ. ಒಳಗೆ ಬಾಲ ಒಣಗುತ್ತಿದೆ, ನಾಳೆ ಬೆಳಿಗ್ಗೆಯವರೆಗೂ ಅದನ್ನು ಮುಟ್ಟುವಂತಿಲ್ಲ.

ಸೇರಿದ ಮೊದಲ ವರ್ಷವೇ ತುಮಕೂರಿನ ಪ್ರಸನ್ನ ಕುಮಾರ್ ಎಂಬುವವರು ಒಂದು ದೊಡ್ಡ ವಿಮಾನ ಕಟ್ಟಿಸಿದ್ದರು. ಸ್ಪರ್ಧೆಗೆ ಹಾರಿಸುವವರು. ಬಣ್ಣ ಬಳಿಯುವ ಮುನ್ನ ಒಮ್ಮೆ ಹಾರಿಸಿ ನೋಡುವುದು ರೂಢಿ. ಹಿಂದಿನ ದಿನ ಗಂಗಹನುಮಯ್ಯ ವಿಮಾನವನ್ನು ಎರಡು ಬೆರಳ ಮೇಲೆ ನಿಲ್ಲಿಸಿ, ತೂಕ ಹಿಂದುಮುಂದಾಗಿಲ್ಲವೆಂದು ನೋಡಿ, ಸಾಮಾನು ತರಲು ಕೊರಟಗೆರೆಗೆ ಹೋದರು. ಮನೆಯಲ್ಲಿ ಕ್ಯಾತಮ್ಮ ಒಬ್ಬರೇ.

ಅವರ ತವರಿನಲ್ಲಿ ಒಂದು ಪದ್ಧತಿಯಿತ್ತು. ಕಂಬಳಿ ಮಗ್ಗದಿಂದ ಇಳಿದು ಹೊರಡುವ ಮುನ್ನ, ಅದರ ಕೊನೆಯಂಚಿಗೆ ಮನೆಯ ಹೆಂಗಸು ಇನ್ನೊಂದು ಕೈ ಸರಿ ಬಳಿದು ಕಳಿಸಬೇಕು. ಹೊದ್ದವರಿಗೆ ಬಾಳಿಕೆ ಬರಲಿ ಎಂದು. ಯಾರೂ ಹೇಳಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ನಾಳೆ ಹೊರಡುವ ವಿಮಾನಕ್ಕೆ ಮುಂದಿನ ತುದಿಯಲ್ಲಿ ಎಂಜಿನ್ನಿದೆ. ಕೊನೆಯಂಚು ಎಂದರೆ ಬಾಲವೇ. ಕ್ಯಾತಮ್ಮ ಲೋಟದ ತುಂಬ ರೆಸಿನ್ ಕಲಸಿ ಬಾಲದ ಮೇಲಕ್ಕೂ ಕೆಳಕ್ಕೂ ಕೈ ಹಿಡಿಯದೆ ಬಳಿದರು.

“ಒಳ್ಳೇದಾಗ್ಲಿ ಅಂತ ಬಳಿದೆ. ದೇವ್ರಾಣೆ, ಒಳ್ಳೇದಾಗ್ಲಿ ಅಂತ್ಲೇ.”

ಬೆಳಿಗ್ಗೆ ಹೊತ್ತಿಗೆ ಒಣಗಿತ್ತು. ಹೊಳೆಯುತ್ತಿದ್ದ ಬಾಲವನ್ನು ನೋಡಿ ಗಂಗಹನುಮಯ್ಯ, “ಚೆನ್ನಾಗಿ ಬಂದಿದೆ” ಎಂದರು. ತಡವಾಗಿದೆಯೆಂಬ ಅವಸರದಲ್ಲಿ ಮತ್ತೆ ಬೆರಳ ಮೇಲೆ ನಿಲ್ಲಿಸಿ ನೋಡಲಿಲ್ಲ. ವ್ಯಾನಿನಲ್ಲಿ ಕ್ಯಾತಮ್ಮನನ್ನೂ ಕೂರಿಸಿಕೊಂಡರು. ಮಧುಗಿರಿ ದಾಟಿ, ಪಾವಗಡ ದಾಟಿ, ರಾಯಚರ್ಲು ಕಡೆಯ ಬಯಲಿಗೆ ಹೋದರು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಸೋಲಾರ್ ಹಲಗೆ. ಅವತ್ತು ಬರೀ ಬಯಲು, ಅಲ್ಲೊಂದು ಇಲ್ಲೊಂದು ಜಾಲಿಗಿಡ.

ವಿಮಾನ ನೆಲ ಬಿಟ್ಟಿತು. ಬಿಟ್ಟಿದ್ದೇ ಮೂತಿ ಎತ್ತಿತು, ಎತ್ತುತ್ತಲೇ ಹೋಯಿತು. ಪ್ರಸನ್ನ ಕುಮಾರ್ ಮೂತಿ ಇಳಿಸಲು ಏನೇನೋ ಮಾಡಿದರು. ಆಕಾಶದಲ್ಲಿ ಒಂದು ಗಳಿಗೆ ನಿಂತ ಹಾಗಾಗಿ, ಬೆನ್ನ ಮೇಲೆ ಮಗುಚಿ, ನೆಟ್ಟಗೆ ನೆಲಕ್ಕೆ ಬಂತು. ಹತ್ತಿರದಲ್ಲಿ ಮೇಕೆ ಮೇಯಿಸುತ್ತಿದ್ದ ಬಲಸಮುದ್ರದ ನಾಗಲಿಂಗಯ್ಯ ಎಂಬ ಮುದುಕ ಓಡಿಹೋಗಿ ಸಿಕ್ಕಿದ್ದನ್ನು ಎತ್ತಿಕೊಂಡು ಬಂದ. ರೆಕ್ಕೆ ಪುಡಿಯಾಗಿತ್ತು, ಮೈ ಮೂರು ತುಂಡಾಗಿತ್ತು. ಆತ ಬಾಲವನ್ನು ತಂದು ನೇರವಾಗಿ ಕ್ಯಾತಮ್ಮನ ಕೈಗೇ ಕೊಟ್ಟು, ಗಡಿಯ ತೆಲುಗು ಬೆರೆಸಿ ಹೇಳಿದ. “ಅಂತಾ ಪೋಯಿಂದಮ್ಮಾ, ಎಲ್ಲಾ ಹೋಯ್ತು. ಇದೊಂದೇ ಗಟ್ಟಿಗಾ ಉಂದಿ ಸೂಡು.”

ಬಾಲಕ್ಕೆ ಏನೂ ಆಗಿರಲಿಲ್ಲ. ಅಷ್ಟು ರೆಸಿನ್ ಕುಡಿದದ್ದು ಮುರಿಯುವುದಾದರೂ ಹೇಗೆ. ಸಂಜೆ ತೂಗಿದಾಗ ಇರಬೇಕಾದದ್ದಕ್ಕಿಂತ ನಲವತ್ತು ಗ್ರಾಂ ಹೆಚ್ಚಿತ್ತು. ಗಂಗಹನುಮಯ್ಯ ಒಂದು ಮಾತೂ ಬೈಯಲಿಲ್ಲ. ಪ್ರಸನ್ನ ಕುಮಾರ್‌ಗೆ ಫೋನ್ ಮಾಡಿ, “ತೂಕ ನೋಡದೆ ತಂದೆ ಸಾರ್, ನನ್ನ ತಪ್ಪು” ಎಂದು ಇಟ್ಟುಬಿಟ್ಟರು. ಆಮೇಲೆ ಗ್ರಾಂ ತೋರಿಸುವ ತಕ್ಕಡಿಯನ್ನು ಎತ್ತಿ ಕ್ಯಾತಮ್ಮನ ಮುಂದಿಟ್ಟರು. “ಇವತ್ತಿಂದ ಇದು ನಿಂದು ಕಣಮ್ಮ. ತೂಗೋಳೂ ನೀನೇ, ಹೇಳೋಳೂ ನೀನೇ.” ಬಾಲವನ್ನು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದವರು ಕ್ಯಾತಮ್ಮನೇ.

“ಬೈದಿದ್ರೆ ಮರ್ತ್ಬುಡ್ತಿದ್ದೆ” ಎನ್ನುತ್ತಾರೆ ಕ್ಯಾತಮ್ಮ. “ಬೈಲಿಲ್ವಲ್ಲ.”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ತಕ್ಕಡಿಯ ಅಂಕಿಯಲ್ಲೇ ಲೆಕ್ಕ ಕಲಿತರು. ಆಮೇಲಿನ ಇನ್ನೂರಕ್ಕೂ ಹೆಚ್ಚು ಬಾಲದಲ್ಲಿ ಒಂದೂ ಹೆಚ್ಚು ತೂಗಿಲ್ಲ. ವಿಮಾನಗಳು ಹುಬ್ಬಳ್ಳಿಗೆ, ಮೈಸೂರಿಗೆ, ಹೊಸೂರಿಗೆ ಹೋದವು, ಗೆದ್ದವು. ಬಹುಮಾನದ ಕಪ್ ಹಿಡಿದುಕೊಂಡ ಫೋಟೋಗಳು ಗಂಗಹನುಮಯ್ಯನವರ ಮೊಬೈಲಿಗೆ ಬಂದವು. ರೆಕ್ಕೆಯ ಕೆಳಗೆ ಸಣ್ಣಕ್ಷರದಲ್ಲಿ ಅವರ ಹೆಸರೂ ಇರುತ್ತದೆ. ಕ್ಯಾತಮ್ಮನ ಹೆಸರು ಎಲ್ಲೂ ಇಲ್ಲ. ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ತೊಗಲು ಚೆನ್ನಾಗಿ ಕೂತರೆ ಅಲ್ಲೊಂದು ತೊಗಲಿದೆ ಅನ್ನುವುದೇ ಕಾಣುವುದಿಲ್ಲವಲ್ಲ, ಏನು ಮಾಡುವುದು.

ಕೈಯ ವಿಷಯ ಅವರಾಗಿ ಎತ್ತುವುದಿಲ್ಲ. ಹೊಸ್ತಿಲ ಬೆಳಕಿನಲ್ಲಿ ಅದೇ ಕಾಣುತ್ತದೆ. ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರಿದಿದೆ, ಕೆಲವು ಕಡೆ ರಕ್ತ ಒಣಗಿ ಕಪ್ಪಾಗಿದೆ, ಉಗುರಿನ ಬುಡ ಊದಿದೆ. ಮೊದಲ ಹನ್ನೊಂದು ವರ್ಷ ಅವರು ಬರಿಗೈಯಲ್ಲೇ ಕೆಲಸ ಮಾಡಿದರು. ಹುಣಸೆಬೀಜದ ಸರಿಗೆ ಯಾರಾದರೂ ಗ್ಲೌಸು ಹಾಕಿಕೊಳ್ಳುತ್ತಾರೆಯೇ? ಇದೂ ಅಂಥದ್ದೇ ಒಂದು ಅಂಟು ಎಂದುಕೊಂಡಿದ್ದರು. ಮೊದಮೊದಲು ತುರಿಕೆ. ಆಮೇಲೆ ಗುಳ್ಳೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಂಡು ತೆರೆಯಲೇ ಇಲ್ಲ.

ತುಮಕೂರಿನ ಚರ್ಮದ ಡಾಕ್ಟರು ನೋಡಿ, ರೆಸಿನ್ ಮೈಗೆ ಹತ್ತಿದೆ ಎಂದರು. ಒಮ್ಮೆ ಹತ್ತಿದರೆ ಅದು ಬಿಡುವುದಿಲ್ಲ. ಇನ್ನು ಒಂದು ಹನಿ ತಾಗಿದರೂ, ಉಜ್ಜಿದ ಧೂಳು ಬಿದ್ದರೂ ಮೈಯೆಲ್ಲ ಗುಳ್ಳೆ ಏಳುತ್ತದೆ, ಮುಂದೆ ಉಸಿರಾಟಕ್ಕೂ ಬರಬಹುದು, ಕೆಲಸ ಬಿಟ್ಟುಬಿಡಿ ಎಂದರು. ಕ್ಯಾತಮ್ಮ ಒಂದು ಕೈಗೆ ಗ್ಲೌಸು ಹಾಕಿ, ಬಲಗೈ ಬರಿದಾಗಿಟ್ಟುಕೊಂಡು ಎರಡು ವರ್ಷ ತಳ್ಳಿದರು. ಖಾರ ಮುಟ್ಟುವಂತಿಲ್ಲ, ಬಿಸಿ ಮುಟ್ಟುವಂತಿಲ್ಲ. ಮನೆಯಲ್ಲಿ ಮುದ್ದೆ ಕಟ್ಟುವುದು ಈಗ ಅಂಜನಪ್ಪ.

“ಗಂಟು ಗಂಟು ಕಟ್ತಾನೆ. ನನ್ನ ರೆಸಿನ್ ಗಂಟು ಕಟ್ಟಿದ್ರೆ ಬಿಸಾಕ್ಬೋದು. ಮುದ್ದೆ ಬಿಸಾಕಕ್ಕಾಯ್ತದಾ? ನುಂಗ್ತೀನಿ” ಎಂದು ಕ್ಯಾತಮ್ಮ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಗಂಗಹನುಮಯ್ಯನವರ ಕಣ್ಣೂ ಹೋಗಿದೆ. ನೋಟದ ನಡುಭಾಗ ಪೂರ್ತಿ ಮಂಜು. ಎದುರಿಗಿರುವವರ ಮುಖ ಕಾಣಬೇಕೆಂದರೆ ಪಕ್ಕದ ಗೋಡೆ ನೋಡಬೇಕು. ಈ ಕೊನೆಯ ವಿಮಾನದ ಮರವನ್ನು ಅವರು ಐದು ತಿಂಗಳು ಹಿಡಿದು ಕೈಯಲ್ಲೇ ತಡವಿ ಕಟ್ಟಿದ್ದಾರೆ. ಈಗ ಡಬ್ಬಿಯಲ್ಲಿ ಫೋಮಿನ ವಿಮಾನಗಳೇ ಬರುತ್ತವೆ, ತಂದ ದಿನವೇ ಹಾರಿಸಬಹುದು, ಮುರಿದರೆ ಬಿಸಾಡಬಹುದು. ಮರದ ವಿಮಾನ ಕೇಳುವವರಿಲ್ಲ. “ನಾವಿಬ್ಬರೂ ಒಟ್ಟಿಗೆ ಸವೆದಿದ್ದೇ ಒಳ್ಳೆಯದಾಯ್ತು” ಎನ್ನುತ್ತಾರೆ ಗಂಗಹನುಮಯ್ಯ. ಆಮೇಲೆ ದನಿ ತಗ್ಗಿಸಿ, “ಗ್ಲೌಸು ಮೊದಲ ದಿನವೇ ತಂದುಕೊಡಬೇಕಿತ್ತು. ನನಗೆ ಗೊತ್ತಿತ್ತು. ಕೆಲಸ ಚೆನ್ನಾಗಿ ಬರ್ತಿತ್ತಲ್ಲ, ಸುಮ್ಮನಾದೆ” ಎಂದು ಗೋಡೆಯ ಕಡೆ ತಿರುಗುತ್ತಾರೆ. ಆ ಮಾತು ಕೇಳಿಸಿಕೊಂಡ ಕ್ಯಾತಮ್ಮ ಎದ್ದು ಅಂಗಳದ ಕಸ ಗುಡಿಸತೊಡಗುತ್ತಾರೆ.

ಈ ಕೊನೆಯ ವಿಮಾನ ಯಾರಿಗೆ ಎಂಬುದೇ ಅವರ ನಿದ್ದೆ ಕೆಡಿಸಿರುವುದು. ಅದೇ ಪ್ರಸನ್ನ ಕುಮಾರ್‌ಗೆ. ಬಾಗಿಲು ಮುಚ್ಚುತ್ತಾರೆಂಬ ಸುದ್ದಿ ಕೇಳಿ, ಅವತ್ತು ಬಿದ್ದದ್ದೇ ಬೇಕು, ಅದೇ ಅಳತೆ, ಅದೇ ನಕ್ಷೆ ಎಂದು ಕೇಳಿದ್ದಾರೆ. ಅಂಜನಪ್ಪ ಒಪ್ಪಲು ಎರಡು ದಿನ ಹಿಡಿಯಿತು. ಎರಡೂ ಕೈಗೆ ಗ್ಲೌಸು ಹಾಕುವುದಾದರೆ ಮಾಡು, ಇಲ್ಲದಿದ್ದರೆ ಬೇಡ ಎಂಬ ಕರಾರಾಯಿತು. ಕ್ಯಾತಮ್ಮ ಮಾತು ಕೊಟ್ಟರು. ದಿನಾ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವಾಗ ಅಂಜನಪ್ಪ ಕಿಟಕಿಯಲ್ಲಿ ಇಣುಕಿ ಕೈ ನೋಡಿಯೇ ಮುಂದೆ ಹೋಗುವುದು. ರೆಕ್ಕೆ, ಮೈ ಎರಡೂ ಹಾಗೇ ಮುಗಿದವು. ಅವುಗಳಲ್ಲಿ ಒಂದೆರಡು ಗ್ರಾಂ ಹೆಚ್ಚುಕಡಮೆಯಾದರೂ ನಡೆಯುತ್ತದೆ, ನಡುವಿನ ಭಾರ ವಿಮಾನವನ್ನು ಕೆಡಿಸುವುದಿಲ್ಲ. ಬಾಲ ಹಾಗಲ್ಲ.

ಮರುದಿನ ಬೆಳಿಗ್ಗೆ ಐದೂವರೆ. ಬಾಲ ಗಡುಸಾಗಿದೆ. ಕ್ಯಾತಮ್ಮ ಅಂಚಿನ ಹೆಚ್ಚುವರಿ ಬಟ್ಟೆಯನ್ನು ಬ್ಲೇಡಿನಲ್ಲಿ ಸವರಿ, ತಕ್ಕಡಿಯನ್ನು ಒರೆಸಿ, ಅಂಕಿ ಸೊನ್ನೆಗೆ ಬರುವವರೆಗೂ ಕಾಯುತ್ತಾರೆ. ಗಂಗಹನುಮಯ್ಯ ಕುರ್ಚಿಯಲ್ಲಿ ಅಡ್ಡಲಾಗಿ ಕೂತು ಗೋಡೆ ನೋಡುತ್ತಿದ್ದಾರೆ. ಬಾಲ ತಕ್ಕಡಿಯ ಮೇಲೆ ಕೂರುತ್ತದೆ. ಅಂಕಿ ಓಡಿ, ತಡವರಿಸಿ, ನಿಲ್ಲುತ್ತದೆ.

“ಎಷ್ಟಮ್ಮ?”

ಕ್ಯಾತಮ್ಮ ಬಗ್ಗಿ ಅಂಕಿ ಓದುತ್ತಾರೆ. ನೂರ ಇಪ್ಪತ್ತೊಂಬತ್ತು. ಬಾಲವನ್ನು ಎತ್ತಿ ಮತ್ತೆ ಇಡುತ್ತಾರೆ. ನೂರ ಇಪ್ಪತ್ತೊಂಬತ್ತೇ. ಗ್ಲೌಸಿನ ಬೆರಳಿಗೆ ತಿಳಿಯದೆ ಎಲ್ಲೋ ಉಳಿದುಹೋದ ಮೂರು ಗ್ರಾಂ. ಗಂಗಹನುಮಯ್ಯನವರಿಗೆ ಅಂಕಿ ಕಾಣುವುದಿಲ್ಲ. ನೂರ ಇಪ್ಪತ್ತಾರು ಎಂದುಬಿಟ್ಟರೆ ಮುಗಿಯಿತು. ಬೆರಳ ಮೇಲೆ ನಿಲ್ಲಿಸಿ ನೋಡಿದಾಗ ಮೂತಿಗೆ ಒಂದಿಷ್ಟು ಸೀಸ ಹೆಚ್ಚು ಕಟ್ಟುತ್ತಾರೆ, ವಿಮಾನ ಹೇಗೂ ಹಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹೋದ ಸದ್ದು ಪೂರ್ತಿ ಅಡಗುವಷ್ಟು ಹೊತ್ತು ಕ್ಯಾತಮ್ಮ ತಕ್ಕಡಿಯನ್ನೇ ನೋಡುತ್ತಾರೆ.

“ಇಪ್ಪತ್ತೊಂಬತ್ತು ಅಣ್ಣಯ್ಯ. ಮೂರು ಗ್ರಾಂ ಜಾಸ್ತಿ ಐತೆ.”

“ಮೂರೇ ತಾನೇ. ಹೋಗಲಿ ಬಿಡಮ್ಮ. ಮೂತಿಗೆ ಒಂಬತ್ತು ಗ್ರಾಂ ಸೀಸ ಹಾಕೋಣ. ನಿನ್ನ ಕೈ ನೋಡ್ಕೊ.”

“ಸೀಸ ಹಾಕಂಗಿದ್ರೆ ಅವತ್ತು ತಕ್ಕಡಿ ಯಾಕೆ ನಂಗೆ ಕೊಟ್ರಿ?”

ಇರುವುದು ಒಂದೇ ದಾರಿ, ಉಜ್ಜಿ ತೆಗೆಯುವುದು. ನಯವಾದ ಉಪ್ಪುಕಾಗದದಲ್ಲಿ ರೆಸಿನ್ನನ್ನು ತೆಳುವಾಗಿ ಕೆರೆಯಬೇಕು. ಒಂದು ಕೂದಲಿನಷ್ಟು ಹೆಚ್ಚು ಉಜ್ಜಿದರೂ ಒಳಗಿನ ಬಟ್ಟೆಯ ಎಳೆ ಕಡಿದುಹೋಗುತ್ತದೆ, ಬಾಲ ಕೆಲಸಕ್ಕೆ ಬಾರದು. ಎಳೆ ಎಲ್ಲಿ ಸಿಕ್ಕಿತು ಎಂಬುದು ಬರಿಬೆರಳಿಗೆ ಮಾತ್ರ ತಿಳಿಯುತ್ತದೆ. ಕ್ಯಾತಮ್ಮ ಬಲಗೈಯ ರಬ್ಬರ್ ಬ್ಯಾಂಡ್ ಬಿಚ್ಚಿ, ಗ್ಲೌಸು ಕಳಚಿ, ತಕ್ಕಡಿಯ ಪಕ್ಕ ಇಡುತ್ತಾರೆ. ಬಾಲವನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಾರೆ. ನಾಲ್ಕು ಸಲ ಉಜ್ಜುತ್ತಾರೆ, ಒಮ್ಮೆ ಬೆರಳಲ್ಲಿ ಸವರುತ್ತಾರೆ. ಮತ್ತೆ ನಾಲ್ಕು ಸಲ. ಹಿಟ್ಟಿನಂಥ ಬಿಳಿ ಧೂಳು ಬಿರಿದ ಗೆಣ್ಣುಗಳೊಳಕ್ಕೆ ಇಳಿಯುತ್ತದೆ.

ಆರೂವರೆಗೆ ಕುರಿಗಳ ಸದ್ದು. ಅಂಜನಪ್ಪ ಕಿಟಕಿಗೆ ಬಂದು ನಿಲ್ಲುತ್ತಾನೆ. ಅವನ ಕಣ್ಣು ಮೊದಲು ತಕ್ಕಡಿಯ ಪಕ್ಕದ ಗ್ಲೌಸಿನ ಮೇಲೆ ಬೀಳುತ್ತದೆ, ಆಮೇಲೆ ಹೆಂಡತಿಯ ಕೈ ಮೇಲೆ.

“ತೆಗ್ದ್ಬುಟ್ಟಾ?”

“ಊಂ.”

“ಮಾತು ಕೊಟ್ಟಿದ್ದೆ ಕಣಮ್ಮಿ.”

“ಕೊಟ್ಟಿದ್ದೆ” ಎನ್ನುತ್ತಾರೆ ಕ್ಯಾತಮ್ಮ. ತಲೆ ಎತ್ತುವುದಿಲ್ಲ, ಕೈ ನಿಲ್ಲಿಸುವುದಿಲ್ಲ. ಊರಿನ ಎಲ್ಲರ ಮೇಲೂ ತಕರಾರಿರುವ ಅಂಜನಪ್ಪ ಒಳಗೆ ಬಂದು, ಬಿಂದಿಗೆಯಲ್ಲಿ ನೀರು ತುಂಬಿ, ಸೋಪಿನ ತುಂಡು ಹುಡುಕಿ, ಎರಡನ್ನೂ ಹೆಂಡತಿಯ ಪಕ್ಕ ಇಟ್ಟು ಕುರಿಗಳ ಹಿಂದೆ ಹೋಗುತ್ತಾನೆ. ಕೈಯಲ್ಲಿ ನಾಳಿದ್ದು ಗುಳ್ಳೆ ಏಳುತ್ತದೆ, ಕಣ್ಣು ಊದುತ್ತದೆ, ಹದಿನೈದು ದಿನ ಎರಡೂ ಹೊತ್ತು ಮುದ್ದೆ ಕಟ್ಟುವುದು ತಾನೇ ಎಂಬುದು ಅವನಿಗೂ ಗೊತ್ತು.

ಎಂಟು ಗಂಟೆಗೆ ನೂರ ಇಪ್ಪತ್ತೆಂಟು. ಒಂಬತ್ತೂವರೆಗೆ ನೂರ ಇಪ್ಪತ್ತೇಳು. ಅಲ್ಲಿಂದ ಮುಂದಕ್ಕೆ ಹದಿನೈದು ಸಲ ಕೈಯಾಡಿಸಿದರೂ ಅಂಕಿ ಕದಲುವುದಿಲ್ಲ. ಶೀಟು ಕಾದು ಒಳಗೆ ಕೂರಲಾಗದ ಹೊತ್ತಿಗೆ, ಹನ್ನೊಂದಕ್ಕೆ ಐದು ನಿಮಿಷವಿರುವಾಗ, ಕ್ಯಾತಮ್ಮ ಬಾಲವನ್ನು ಒರೆಸಿ ತಕ್ಕಡಿಯ ಮೇಲಿಡುತ್ತಾರೆ.

“ಇಪ್ಪತ್ತಾರು ಅಣ್ಣಯ್ಯ.”

ಗಂಗಹನುಮಯ್ಯ ಕೈ ಚಾಚುತ್ತಾರೆ. ಬಾಲವನ್ನು ಇಸಿದುಕೊಂಡು ಈ ತುದಿಯಿಂದ ಆ ತುದಿಗೆ ಹೆಬ್ಬೆರಳಿನಲ್ಲಿ ಸವರುತ್ತಾರೆ. ಎಲ್ಲೂ ಎಳೆ ಎದ್ದಿಲ್ಲ. ಕ್ಯಾತಮ್ಮ ಬಾಗಿಲಿಗೆ ಬಂದು ಬಿಂದಿಗೆಯ ನೀರಲ್ಲಿ ಕೈ ಅದ್ದುತ್ತಾರೆ. ನೀರು ತಾಗಿದ್ದೇ ಹಲ್ಲು ಕಚ್ಚಿಕೊಳ್ಳುತ್ತಾರೆ. ಇನ್ನು ಮುಂದೆ ಕುರಿ ಹಿಂದೆ ಹೋಗಬೇಕು. ಈ ಕೆಲಸವನ್ನು ಯಾರಿಗಾದರೂ ಹೇಳಿಕೊಡಬಹುದಿತ್ತಲ್ಲ ಎಂದರೆ, “ಯಾರ ಕೈ ಇಂಗಾಗ್ಲಿ ಅಂತ ಹೇಳ್ಕೊಡ್ಲಿ?” ಎಂದು ತಿರುಗಿ ಕೇಳುತ್ತಾರೆ.

ವಿಮಾನ ಹಾರಿಸುವ ದಿನ ಪ್ರಸನ್ನ ಕುಮಾರ್ ಬನ್ನಿ ಎಂದಿದ್ದಾರೆ. ಕ್ಯಾತಮ್ಮ ಹೋಗುವುದಿಲ್ಲ. ಆ ಹೊತ್ತಿಗೆ ಕಣ್ಣು ಊದಿಕೊಂಡು ಏನೂ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಪತ್ರಿಕೆಯಲ್ಲಿ ಏನಾದರೂ ಬರೆಯುವುದಾದರೆ ಏನು ಬರೆಯಬೇಕು ಎಂದು ಕೇಳಿದಾಗ ಗೋಡೆಯ ಮೇಲಿನ ಹಳದಿ ಬಾಲದ ಕಡೆ ಮೊದಲ ಸಲ ಮುಖ ಮಾಡಿ ನೋಡುತ್ತಾರೆ.

“ಅಣ್ಣಯ್ಯ ತನ್ನ ತಪ್ಪು ಅಂದ್ಬುಟ್ರು. ಪ್ರಸನ್ನ ಸಾರು ಇವತ್ತಿಗೂ ಅಂಗೇ ತಿಳ್ಕಂಡವ್ರೆ. ಅವ್ರು ಪೇಪರ್ ಓದ್ತಾರಂತಲ್ಲ. ಅವತ್ತು ಬೀಳ್ಸಿದ್ದು ನನ್ನ ಕೈ ಅಂತ ಬರೀರಿ.” ಒದ್ದೆ ಕೈಯನ್ನು ಸೆರಗಿಗೆ ಮೆಲ್ಲಗೆ ಒತ್ತಿಕೊಳ್ಳುತ್ತಾರೆ. “ಅದ ಬರೆದ್ಮ್ಯಾಕೆ, ಈ ಬಾಲಾನೂ ಅದೇ ಕೈದು ಅಂತ ಕೆಳಗೆ ಬರ್ದ್ಬುಡಿ.”